ಹಿಂದಿನ ದೀಪ ನೋಡುವ ಕನ್ನಡಿ

ನಾನು ತಿರುಗಿ ನೋಡಲಿಲ್ಲ. ಮಾಡದೆ ಹೋದದ್ದು ಇಷ್ಟೇ. ಕತ್ತನ್ನು ಸ್ವಲ್ಪ ಹೊರಳಿಸಿದ್ದರೆ ಸಾಕಿತ್ತು. ಆರು ಅಡಿ ದೂರದಲ್ಲಿ ಕಾರಿನ ಹಿಂದಿನ ದೀಪವಿತ್ತು. ಅಣ್ಣ ಒಳಗೆ ಕೂತು ಬ್ರೇಕ್ ಒತ್ತಿ, "ಹತ್ತ್ಯದ ಏನು ತಂಗಿ?" ಎಂದು ಕೂಗಿ ಕೇಳಿದ. ನಾನು ದೀಪಕ್ಕೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತ ಕೂತಿದ್ದೆ. ಹಾಗೇ ಕೂತು, "ಹತ್ತ್ಯದ" ಅಂದುಬಿಟ್ಟೆ.

ದೀಪ ಹತ್ತಿರಲಿಲ್ಲ.

ಇದನ್ನು ಹನ್ನೊಂದು ವರ್ಷ ಯಾರಿಗೂ ಹೇಳಲಿಲ್ಲ. ಅಣ್ಣ ಹೋಗಿ ಈಗ ಎರಡು ತಿಂಗಳಾಯಿತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆದು ರೂಢಿಯಿಲ್ಲ. ಆದರೆ ಬೀದರಿನ ಡ್ರೈವರುಗಳ ಬಾಯಲ್ಲಿ ಅವನ ಬಗ್ಗೆ ಉಳಿದಿರುವುದು ಒಂದೇ ಮಾತು: "ಕೈ ಭಾಳ ಛಲೋ ಇತ್ತು, ಒಮ್ಮೆ ಆಳಸಿತನ ಮಾಡಿ ಕೆಟ್ಟ." ಮಣ್ಣಿನ ದಿನವೂ ಯಾರೋ ಅದನ್ನೇ ಆಡಿದರು. ಆ ಮಾತು ಸುಳ್ಳು. ಸುಳ್ಳೆಂದು ಆಗ ಗೊತ್ತಿದ್ದವರು ಇಬ್ಬರೇ. ಆ ಇಬ್ಬರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ.

ನಮ್ಮ ಅಂಗಡಿ ನೌಬಾದದಲ್ಲಿ, ರಸ್ತೆಗೆ ಹತ್ತಿಕೊಂಡು. ಅಂಗಡಿಯೆಂದರೆ ಮನೆಯ ಮುಂದೆ ಇಳಿಸಿದ ತಗಡಿನ ಚಪ್ಪರ. ಗಾಡಿಗಳನ್ನು ಅಣ್ಣ ಯಾವಾಗಲೂ ಹಿಂದಕ್ಕೆ ಹೊಡೆದು ಒಳಗೆ ತರುತ್ತಿದ್ದ. ಮುಖ ರಸ್ತೆಗೆ, ಬೆನ್ನು ನಮ್ಮ ಕಟ್ಟೆಗೆ. ಹಾಗಾಗಿ ಬೀದರ ಜಿಲ್ಲೆಯ ಅದೆಷ್ಟೋ ಗಾಡಿಗಳ ಬೆನ್ನು ನೋಡಿಕೊಂಡು ನಾನು ರೊಟ್ಟಿ ಬಡಿದಿದ್ದೇನೆ. ಎದುರಿನ ಗೋಡೆಯ ಮೇಲೆ ಬುದ್ಧನ ಪಟ, ಅದರ ತಲೆಯ ಮೇಲೆ ಒಂದು ಸಣ್ಣ ಕಾರಿನ ಬಲ್ಬು. ಅದು ಹನ್ನೆರಡು ವೋಲ್ಟಿನ ಹಳೆಯ ಬ್ಯಾಟರಿಯ ಮೇಲೆ ಉರಿಯುತ್ತಿತ್ತು. ಊರಿಗೆಲ್ಲ ಕರೆಂಟು ಹೋದಾಗಲೂ ಬುದ್ಧನಿಗೆ ಹೋಗುತ್ತಿರಲಿಲ್ಲ.

ಅಣ್ಣ ಹಳೆಯ ಕಾರುಗಳ ದೀಪದ ಮಿಸ್ತ್ರಿ. ಹೊಸ ಗಾಡಿಗಳನ್ನು ಅವನು ಮುಟ್ಟುತ್ತಿರಲಿಲ್ಲವೆಂದಲ್ಲ, ಮುಟ್ಟಿದರೂ ಮುಖ ಗಂಟಿಕ್ಕಿಕೊಂಡೇ ಮುಟ್ಟುತ್ತಿದ್ದ. "ಇದಕ್ಕ ಏನಾಗ್ಯದ ಅಂತ ಇದೇ ಹೇಳ್ತದ. ನಾ ಯಾಕ ಬೇಕು?" ಎನ್ನುತ್ತಿದ್ದ. ದುಂಡು ಮೈಯ ಹಳೆಯ ಅಂಬಾಸಿಡರೋ ಫಿಯಾಟೋ ಬಂದರೆ ಮಾತ್ರ ಅವನ ನಡಿಗೆಯೇ ಬೇರೆಯಾಗುತ್ತಿತ್ತು. ತಕ್ಷಣ ಬಾನೆಟ್ ಎತ್ತುತ್ತಿರಲಿಲ್ಲ. ಮೊದಲು ಚಹಾ ತರಿಸಿ, ಗಾಡಿಯ ಮಾಲೀಕನನ್ನು ಎದುರಿಗೆ ಕೂರಿಸಿಕೊಂಡು, ಹಕೀಮರು ನಾಡಿ ಹಿಡಿದು ಕೇಳುವ ಹಾಗೆ ಕೇಳುತ್ತಿದ್ದ.

"ಮಳಿ ಬಂದಾಗ ಕೆಡ್ತದೋ, ಒಣಾ ಇದ್ದಾಗೂ ಕೆಡ್ತದೋ?"

"ಯಾವಾಗ ಬೇಕ ಆವಾಗ ಕೆಡ್ತದ ಮಿಸ್ತ್ರಿ."

"ಗಾಲಿ ಕುಣ್ಯಾಗ ಬಿದ್ದಾಗ ಮಿಣುಕ್ತದೇನು?"

"ಹಾಂ, ಆವಾಗ ಜರಾ ಹೆಚ್ಚು."

"ಬ್ರೇಕ್ ಒತ್ತಿದ್ರ ಇಂಡಿಕೇಟರ್ ಕಣ್ಣು ಹೊಡೀತದೇನು?"

ಮಾಲೀಕ ಬೆರಗಾಗಿ, "ಹೊಡೀತದ! ನಿಮಗ ಹ್ಯಾಂಗ ಗೊತ್ತಾಯ್ತು?" ಎಂದರೆ ಅಣ್ಣ ನನ್ನ ಕಡೆ ತಿರುಗಿ, "ತಂಗಿ, ಉಸುಕಿನ ಕಾಗದ ಕೊಡು. ಈ ಸಾಹೇಬ್ರ ಗಾಡಿಗಿ ಅರ್ತ್ ಇಲ್ಲ" ಎನ್ನುತ್ತಿದ್ದ.

ಅರ್ತ್ ಎನ್ನುವುದು ಅವನಿಗೆ ದೇವರ ಹೆಸರಿದ್ದ ಹಾಗೆ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬಿಗೆ ಹೋದರೆ ಸಾಲದು, ಕಾರಿನ ಕಬ್ಬಿಣದ ಮೈಯನ್ನು ಹಿಡಿದು ಮತ್ತೆ ಬ್ಯಾಟರಿಗೆ ಬರಬೇಕು. ಬರುವ ದಾರಿಯಲ್ಲಿ ತುಕ್ಕೋ ಬಣ್ಣವೋ ಅಡ್ಡ ಬಂದರೆ ದೀಪ ಮಂಕಾಗುತ್ತದೆ, ಇಲ್ಲವೇ ಕರೆಂಟು ಬೇರೆ ದೀಪದೊಳಗೆ ನುಗ್ಗಿ ಅದನ್ನು ಮಿಣುಕಿಸುತ್ತದೆ. "ಎಲ್ಲಾರೂ ಹೋಗೂ ದಾರಿ ನೋಡ್ತಾರ. ಬರೂ ದಾರಿ ಯಾರೂ ನೋಡಂಗಿಲ್ಲ" ಎಂದು ಅವನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ದೀಪ ಕೂರುವ ಜಾಗವನ್ನು ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಆಮೇಲೆ ತಿರುಪು ಹಾಕುತ್ತಿದ್ದ. ಬಲ್ಬು ಬದಲಿಸಿ ಕಳಿಸುವವರನ್ನು ಕಂಡರೆ ಅವನಿಗಾಗದು. "ಜ್ವರ ಬಂದವ್ನಿಗಿ ಅಂಗಿ ಬದಲು ಮಾಡ್ದಂಗ" ಎಂದು ನಗುತ್ತಿದ್ದ.

ಅವನ ಕೊರಳಲ್ಲಿ ಸದಾ ಒಂದು ಟೆಸ್ಟ್ ಲ್ಯಾಂಪು ನೇತಾಡುತ್ತಿತ್ತು. ಒಂದು ಬಲ್ಬು, ಅದಕ್ಕೆ ಎರಡು ತಂತಿ, ಒಂದರ ತುದಿಗೆ ಚಿಮಟಿಗೆ, ಇನ್ನೊಂದರ ತುದಿಗೆ ಸೂಜಿ. ಚಿಮಟಿಗೆಯನ್ನು ಗಾಡಿಯ ಮೈಗೆ ಕಚ್ಚಿಸಿ, ಸೂಜಿಯಿಂದ ತಂತಿಗಳನ್ನು ಚುಚ್ಚುತ್ತ ಹೋದರೆ ಕರೆಂಟು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಗೊತ್ತಾಗುತ್ತಿತ್ತು. ಒಮ್ಮೆ ಔರಾದ ಕಡೆಯ ಹಳ್ಳಿಗೆ ಹುಡುಗಿ ನೋಡಲು ಹೋದಾಗಲೂ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದ. ಹುಡುಗಿಯ ಅಪ್ಪನ ಹಳೆಯ ಜೀಪು ಅಂಗಳದಲ್ಲಿತ್ತು. ಚಹಾ ಬರುವುದರೊಳಗೆ ಅಣ್ಣ ಅದರ ಕೆಳಗಿದ್ದ. ಹುಡುಗಿ ಹೊರಗೆ ಬಂದಾಗ ಅವಳಿಗೆ ಕಂಡದ್ದು ಎರಡು ಕಾಲು ಮಾತ್ರ. ಜೀಪಿನ ದೀಪ ಹತ್ತಿತು, ಸಂಬಂಧ ಹತ್ತಲಿಲ್ಲ. "ಮಿಸ್ತ್ರಿ ಛಲೋ ಇದ್ದಾನ್ರಿ, ಅಳಿಯಾ ಅಂತ ಮಾತ್ರ ಹೇಳಬ್ಯಾಡ್ರಿ" ಎಂದು ಹುಡುಗಿಯ ಅಪ್ಪ ಹೇಳಿ ಕಳಿಸಿದರಂತೆ. ಅದನ್ನು ಅಣ್ಣನೇ ಎಲ್ಲರಿಗೂ ಹೇಳಿ ನಗುತ್ತಿದ್ದ. ಮುಂದೆ ಮದುವೆಯ ಗೋಜಿಗೇ ಹೋಗಲಿಲ್ಲ.

ನನ್ನನ್ನು ಭಾಲ್ಕಿಗೆ ಕೊಟ್ಟಿದ್ದರು. ಅಲ್ಲಿಯ ಬಾಳುವೆ ನಾಲ್ಕು ವರ್ಷವೂ ನಡೆಯಲಿಲ್ಲ. ಏನಾಯಿತೆಂದು ಇಲ್ಲಿ ಬರೆಯುವುದು ಬೇಡ. ಒಂದು ದಿನ ಫೋನಿನಲ್ಲಿ ನನ್ನ ದನಿ ಕೇಳಿ ಅಣ್ಣ ಮತ್ತೇನೂ ವಿಚಾರಿಸದೆ ಟೆಂಪೋ ತಗೊಂಡು ಬಂದ. ನನ್ನ ಬಟ್ಟೆಬರೆ, ಪಾತ್ರೆ, ತವರಿನಿಂದ ಕೊಟ್ಟಿದ್ದ ಕಪಾಟು, ಎಲ್ಲವನ್ನೂ ತಾನೇ ಏರಿಸಿದ. ಕಪಾಟಿನ ಬಾಗಿಲಿಗೆ ಆಳೆತ್ತರದ ಕನ್ನಡಿಯಿತ್ತು. ಆ ಬಾಗಿಲನ್ನು ಬಿಚ್ಚಿ, ಹಾಸಿಗೆಯ ಚಾದರದಲ್ಲಿ ಸುತ್ತಿ, ಭಾಲ್ಕಿಯಿಂದ ಬೀದರಿನವರೆಗೆ ತೊಡೆಯ ಮೇಲೆ ಹಿಡಿದುಕೊಂಡು ಹಿಂದೆ ಕೂತ. ಡ್ರೈವರ್, "ಕೆಳಗ ಇಡು ಮಾರಾಯಾ, ಏನಾಗಂಗಿಲ್ಲ" ಎಂದರೆ, "ಒಡದ್ರ ನಮ್ಮ ತಂಗಿ ಮಾರಿ ಎಲ್ಲಿ ನೋಡ್ಕೋತಾಳ?" ಎಂದ. ದಾರಿಯುದ್ದಕ್ಕೂ ಅವನು ಆಡಿದ್ದು ಅದೊಂದೇ ಮಾತು.

ನಾನು ಬಂದ ಮೇಲೆ ಅಂಗಡಿಯಲ್ಲಿ ನನಗೊಂದು ಕೆಲಸ ಗೊತ್ತಾಯಿತು. ಯಾವ ಗಾಡಿಯನ್ನೇ ಆಗಲಿ, ಕಳಿಸುವ ಮೊದಲು ಅಣ್ಣ ಒಳಗೆ ಕೂತು ಒಂದೊಂದೇ ದೀಪ ಹಚ್ಚುತ್ತಿದ್ದ. ಹಿಂದೆ ನಿಂತು ನಾನು ಒದರಿ ಹೇಳಬೇಕು. "ಪಾರ್ಕಿಂಗ್?" "ಹತ್ತ್ಯದ." "ಬಲಕ್ಕ?" "ಹತ್ತ್ಯದ." "ಎಡಕ್ಕ?" "ಎಡಕ್ಕ ಹತ್ತಿಲ್ಲ. ಹಾಂ, ಹತ್ತ್ಯದ." "ಬ್ರೇಕ್?" ರಸ್ತೆಯಲ್ಲಿ ಹೋಗುವವರಿಗೆ ಇದು ನಮ್ಮ ಮನೆಯ ಮಂತ್ರದ ಹಾಗೆ ಕೇಳುತ್ತಿತ್ತು. ಡ್ರೈವರುಗಳು ಅಣಕಿಸುತ್ತಿದ್ದರು. ಒಬ್ಬ ಮುದುಕ ಡ್ರೈವರ್, "ಕ್ಯಾ ಮಿಯಾ, ನಿನಗ ನಿನ್ನ ಕೈ ಮ್ಯಾಲ ಭರೋಸಾ ಇಲ್ಲ?" ಎಂದು ಕೇಳಿದ್ದಕ್ಕೆ ಅಣ್ಣ, "ಕೈ ಮ್ಯಾಲ ಇಲ್ಲ ಚಾಚಾ. ತಂಗಿ ಕಣ್ಣಿನ ಮ್ಯಾಲ ಅದ" ಎಂದಿದ್ದ.

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಔರಾದದ ಮಾಸ್ತರರೊಬ್ಬರಿದ್ದರು. ಆಗಿನ್ನೂ ನೌಕರಿಯಲ್ಲಿದ್ದರು. ಅವರ ಅಪ್ಪನ ಕಾಲದ ಬಿಳಿಯ ಅಂಬಾಸಿಡರನ್ನು ಮಗುವಿನಂತೆ ಸಾಕಿದ್ದರು. ದೀಪದ ಕೆಲಸವಿದ್ದರೆ ಬೀದರಿಗೆ, ಅಣ್ಣನ ಹತ್ತಿರವೇ ತರುತ್ತಿದ್ದರು. ಅವರ ಹೆಂಡತಿಯೂ ಜೊತೆಗೆ ಬರುತ್ತಿದ್ದರು. ಅವರನ್ನು ನಾವು ಬಾಯಾರು ಎನ್ನುತ್ತಿದ್ದೆವು. ಬಂದಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು, ನಾನು ಬೇಡವೆಂದರೂ ಸೊಪ್ಪು ಸೋಸಿ ಕೊಡುವ ಹೆಣ್ಣುಮಗಳು.

ಆ ದಿನ ಕಾರಿಗೆ ಹೊಸ ಬಣ್ಣ ಹೊಡೆಸಿಕೊಂಡು ಬಂದಿದ್ದರು. ಬಣ್ಣವಾದ ಮೇಲೆ ಮುಂದಿನ ಒಂದು ದೀಪ ಮಂಕಾಗಿತ್ತು. ಅವರನ್ನು ಪೇಟೆಗೆ ಕಳಿಸಿ ಅಣ್ಣ ಕೆಲಸಕ್ಕೆ ಕೂತ. ಬೆಳಗ್ಗೆಯೇ ನನಗೂ ಅವನಿಗೂ ಮಾತಾಗಿತ್ತು. ಭಾಲ್ಕಿಯಿಂದ ನನ್ನ ಗಂಡನ ಕಡೆಯ ಹಿರಿಯರು ಫೋನ್ ಮಾಡಿದ್ದರಂತೆ. "ಬಂದು ಕುಂತು ಮಾತಾಡ್ತೇವಿ ಅಂದಾರ. ಬರ್ರಿ ಅಂದೀನಿ" ಎಂದ. ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. "ನಾ ಭಾರ ಆಗೀನಿ ಅಂತ ಸೀದಾ ಹೇಳು" ಅಂದೆ. ಅವನು ಏನೋ ಹೇಳಲು ಬಂದ, ನಾನು ಕೇಳಲಿಲ್ಲ. ಬಾಯಾರು ಬಂದಾಗಲೂ ಕೋಣೆಯಿಂದ ಹೊರಗೆ ಬರಲಿಲ್ಲ. ಅವರು ಪೇಟೆಗೆ ಹೋದ ಮೇಲೆ ಮೊರ ತಗೊಂಡು ಕಟ್ಟೆಗೆ ಹೋಗಿ, ಅಂಗಡಿಗೆ ಬೆನ್ನು ಮಾಡಿ ಕೂತೆ.

ಮುಂದಿನ ದೀಪ ಸರಿಯಾಯಿತು. ಹೊಸ ಬಣ್ಣದ ಕೆಳಗೆ ಅರ್ತ್ ಮುಚ್ಚಿಹೋಗಿತ್ತಂತೆ. ಅದಕ್ಕಾಗಿ ತಂತಿಗಳನ್ನು ಆ ಕಡೆ ಈ ಕಡೆ ಎಳೆದಾಡಿದ್ದ. ಎಲ್ಲ ಮುಗಿಸಿ ಒಳಗೆ ಕೂತು ಕೂಗಿದ. "ಪಾರ್ಕಿಂಗ್?" "ಹತ್ತ್ಯದ" ಅಂದೆ. "ಬಲಕ್ಕ?" "ಹತ್ತ್ಯದ." "ಎಡಕ್ಕ?" "ಹತ್ತ್ಯದ." "ಬ್ರೇಕ್? ಹತ್ತ್ಯದ ಏನು ತಂಗಿ?" "ಹತ್ತ್ಯದ ಅಂದೆನಲ್ಲ!"

ಒಂದಕ್ಕೂ ತಿರುಗಿ ನೋಡಲಿಲ್ಲ. ಸಿಟ್ಟಿನಲ್ಲಿ ಜೋಳದೊಳಗಿನ ಕಲ್ಲನ್ನು ಮಾತ್ರ ಹುಡುಕುತ್ತಿದ್ದೆ. ಅವರು ಕಾರು ಒಯ್ಯಲು ಬರುವಷ್ಟರಲ್ಲಿ ಮತ್ತೆ ಒಳಗೆ ಸೇರಿದ್ದೆ.

ಮೊದಲಿನ ಮೂರೂ ನಿಜವಾಗಿ ಹತ್ತಿದ್ದವು. ಬ್ರೇಕ್ ದೀಪಕ್ಕೆ ಹೋಗುವ ತಂತಿ ಅವನ ಎಳೆದಾಟದಲ್ಲಿ ಜೋಡಣೆಯಿಂದ ಜಾರಿತ್ತು. ಹಳೆಯ ಕಾರುಗಳಲ್ಲಿ ಹೀಗಾಗುತ್ತದೆ, ಒಂದನ್ನು ಸರಿ ಮಾಡುವಾಗ ಇನ್ನೊಂದು ಬಿಚ್ಚುತ್ತದೆ. ಅದಕ್ಕೇ ಅಲ್ಲವೇ ಹಿಂದೆ ಒಬ್ಬರು ನಿಂತು ನೋಡುವುದು.

ಸಂತಪುರ ಇನ್ನೂ ಸ್ವಲ್ಪ ದೂರವಿರುವಾಗ, ಹೊತ್ತು ಮುಳುಗುವ ವೇಳೆಗೆ, ಎಮ್ಮೆಗಳು ಅಡ್ಡ ಬಂದವೆಂದು ಮಾಸ್ತರರು ಬ್ರೇಕ್ ಹಾಕಿದರು. ಹಿಂದೆ ಬರುತ್ತಿದ್ದ ಸಾಮಾನಿನ ಗಾಡಿಯವನಿಗೆ ಅದು ತಿಳಿಯಲಿಲ್ಲ. ಬಂದು ಗುದ್ದಿದ. ಬಾಯಾರು ಹಿಂದಿನ ಸೀಟಿನಲ್ಲಿದ್ದರು. ಅವರ ಸೊಂಟದ ಎಲುಬು ಮುರಿಯಿತು.

ಸುದ್ದಿ ತಿಳಿದ ಕೂಡಲೇ ಅಣ್ಣ ಮೋಟಾರ್‌ಸೈಕಲ್ ತಗೊಂಡು ಹೋದ. ಮರುದಿನ ಮುಂಜಾನೆ ಬಂದ. ಅಂಗಿಯ ಮೇಲೆ ರಕ್ತದ ಕಲೆಯಿತ್ತು, ಅವನದಲ್ಲ. ಬಂದವನೇ ಕಟ್ಟೆಯ ಮೇಲೆ ಕೂತ. ನಾನು ಚಹಾ ತಂದಿಟ್ಟೆ. "ಬ್ರೇಕ್ ವಾಯರ್ ಬಿಚ್ಚಿತ್ತು" ಎಂದ. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ನಿಂತೆ. ಅವನು ಕೇಳಲಿಲ್ಲ. ಚಹಾ ಕುಡಿದು, ಲೋಟ ಕೆಳಗಿಟ್ಟು, "ಬಾಯಾರ ಜೀವಕ್ಕ ಏನೂ ಆಗಿಲ್ಲ ತಂಗಿ. ಹೋಗು, ರೊಟ್ಟಿ ಮಾಡು" ಅಂದ.

ಅದೇ ಘಳಿಗೆಯಲ್ಲಿ ಹೇಳಬಹುದಾಗಿತ್ತು. ಹೇಳಲಿಲ್ಲ. ರೊಟ್ಟಿ ಮಾಡಲು ಹೋದೆ.

ನಾಲ್ಕು ದಿನದ ಮೇಲೆ ಅವನು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಈ ಕನ್ನಡಿ ನಿನಗ ಬೇಕೇನು?" ಎಂದು ಕೇಳಿದ. "ಬ್ಯಾಡ" ಅಂದೆ. ಕಪಾಟಿನಿಂದ ಕನ್ನಡಿ ಬಿಚ್ಚಿ ಒಯ್ದು, ಕಟ್ಟೆಯ ಪಕ್ಕದ ಗೋಡೆಗೆ ಅಡ್ಡಲಾಗಿ, ಸ್ವಲ್ಪ ಮುಂದಕ್ಕೆ ಬಾಗಿಸಿ ಮೊಳೆ ಹೊಡೆದು ಕೂರಿಸಿದ. ಒಳಗೆ ಕೂತವನು ಹಿಂದಕ್ಕೆ ತಿರುಗಿದರೆ ಕಾರಿನ ಬೆನ್ನು ಅದರಲ್ಲಿ ಕಾಣುವ ಹಾಗೆ. ಡ್ರೈವರುಗಳು, "ಏನು ಮಿಸ್ತ್ರಿ, ಗಾಡಿಗೋಳ ಶೃಂಗಾರ ನಡದದ?" ಎಂದು ನಕ್ಕರು. ಅವನೂ ನಕ್ಕ.

ಅಂದಿನಿಂದ ಅವನು ನನ್ನನ್ನು ದೀಪ ನೋಡಲು ಕರೆಯಲಿಲ್ಲ. "ಮಗ್ಗಲಾಗ ಒಲಿ ಇಟ್ಟು ನಿನಗ ಯಾಕ ಈ ತ್ರಾಸ?" ಎಂದ. ಆ ನೆಪವನ್ನು ನಾನು ನಂಬಿದೆ. ನಂಬಿದರೆ ನನಗೆ ಅನುಕೂಲವಿತ್ತು. ಅವನಿಗೆ ಗೊತ್ತಾಗಿಲ್ಲ, ತಂತಿ ದಾರಿಯಲ್ಲಿ ಬಿಚ್ಚಿತೆಂದು ತಿಳಿದಿದ್ದಾನೆ ಎಂದುಕೊಂಡೆ. ಭಾಲ್ಕಿಯ ಹಿರಿಯರೂ ಆಮೇಲೆ ಬರಲಿಲ್ಲ. ಬರಬೇಡಿರೆಂದು ಅಣ್ಣನೇ ಹೇಳಿದ್ದನೆಂದು ಬಹಳ ದಿನದ ಮೇಲೆ ತಿಳಿಯಿತು.

ಮಾಸ್ತರರು ಅಣ್ಣನೊಂದಿಗೆ ಮಾತು ಬಿಟ್ಟರು. ಕಾರಿನ ಜಜ್ಜಿದ ಬೆನ್ನು ಸರಿ ಮಾಡಿಸಿ, ಅದನ್ನು ಔರಾದದ ಮನೆಯ ಹಿತ್ತಿಲಲ್ಲಿ ತಾಡಪತ್ರಿ ಮುಚ್ಚಿ ನಿಲ್ಲಿಸಿದರು. ಬೀದರಿನಲ್ಲಿ ಮಾತು ಹಬ್ಬಿತು. ಆಳಸಿತನ ಮಾಡಿದ, ಇಳಿದು ನೋಡಲಿಲ್ಲ, ಕೈ ಹೋಯಿತು. ಹಳೆಯ ಕಾರಿನವರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಅಂಗಡಿಯಲ್ಲಿ ಆಟೋಗಳ ಹಾರ್ನು ಸರಿ ಮಾಡುವ ಕೆಲಸ ಉಳಿಯಿತು. ಅಣ್ಣ ಅದನ್ನೂ ಕಬ್ಬಿಣ ಬೆಳ್ಳಗಾಗುವ ತನಕ ಉಜ್ಜಿಯೇ ಮಾಡುತ್ತಿದ್ದ. ತಿಂಗಳಿಗೊಂದು ಸಲ ಔರಾದ ಬಸ್ಸು ಹತ್ತಿ ಹೋಗುತ್ತಿದ್ದ. ಎಲ್ಲಿಗೆಂದು ಕೇಳಿದರೆ, "ಹಳಿ ಸಾಮಾನು ಹುಡುಕ್ಲಾಕ" ಎನ್ನುತ್ತಿದ್ದ. ಬರುವಾಗ ಬರಿಗೈಯಲ್ಲೇ ಬರುತ್ತಿದ್ದ. ಅದನ್ನೂ ನಾನು ಕೇಳಲಿಲ್ಲ.

ಈ ವರ್ಷ ಬೇಸಿಗೆಗೆ ಮುಂಚೆ ಒಂದು ದಿನ ಟ್ರಾಕ್ಟರೊಂದು ಆ ಬಿಳಿಯ ಕಾರನ್ನು ಎಳೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಮಾಸ್ತರರು ಬಂದಿರಲಿಲ್ಲ, ಚೀಟಿ ಕಳಿಸಿದ್ದರು. ಅಣ್ಣ ಅದನ್ನು ನನ್ನ ಕೈಗೆ ಕೊಟ್ಟ. "ಇಲಿಗಳು ವಾಯರ್ ತಿಂದಾವ. ನಮ್ಮ ಮನಿಯವ್ರು ನಿಮ್ಮ ಕಡೀನೇ ಕಳಸ್ರಿ ಅಂದ್ರು" ಎಂದಷ್ಟೇ ಬರೆದಿತ್ತು. ಅಣ್ಣ ಕಾರಿನ ಸುತ್ತ ಎರಡು ಸಲ ಸುತ್ತಿದ. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಕಣ್ಣಿಗೆ ಬಹಳ ಹೊತ್ತು ನೀರು ಹೊಡೆದುಕೊಂಡ.

ಇಪ್ಪತ್ತು ದಿನ ಆ ಕಾರಿನ ಕೆಲಸ ನಡೆಯಿತು. ಹಳೆಯ ತಂತಿಯನ್ನೆಲ್ಲ ಕಿತ್ತು ಹೊಸದಾಗಿ ಎಳೆದ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಲ್ಲಿ ಹಾಡು ಕೇಳಿದೆ. ಪದವಿಲ್ಲದ, ಬರಿಯ ಮೂಗಿನ ಹಾಡು. "ತಂಗಿ, ಇದರ ಡಿಪ್ಪರ್ ಕಾಲಾಗ ಒತ್ತೂದು, ನೋಡಿದೇನು? ಆಗಿನ ಮಂದಿಗಿ ಕಾಲಿಗೂ ಬುದ್ಧಿ ಇತ್ತು" ಎಂದು ಕರೆದು ತೋರಿಸಿದ. ಅವನು ಇಷ್ಟು ಸಂತೋಷದಿಂದಿರುವಾಗ ಹೇಳಿಬಿಡಬೇಕು ಎಂದು ದಿನವೂ ಅಂದುಕೊಂಡೆ. ಕಾರು ಔರಾದಕ್ಕೆ ಹೋಗುವ ದಿನ ಹೇಳುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ.

ಆ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ಈಗೀಗ ಅಂಗಡಿಯ ಕಡೆ ಮುಖ ಮಾಡಿಯೇ ಕೂರುತ್ತೇನೆ. ಅಣ್ಣ ಕಾರಿನೊಳಗೆ ಕೂತು ಕಡೆಯ ಸಲ ಎಲ್ಲ ನೋಡುತ್ತಿದ್ದ. ಪಾರ್ಕಿಂಗ್ ಹತ್ತಿತು, ಆರಿತು. ಬಲಕ್ಕೆ ಮಿಣುಕಿತು. ಎಡಕ್ಕೆ ಮಿಣುಕಿತು. ಆಮೇಲೆ ಬ್ರೇಕ್ ದೀಪ ಎರಡೂ ಕೆಂಪಗೆ ಹತ್ತಿದವು. ಚಪ್ಪರದ ಮಬ್ಬಿನಲ್ಲಿ ಮೊರದೊಳಗಿನ ಜೋಳದ ಮೇಲೂ ಆ ಕೆಂಪು ಬಿತ್ತು. ಎಷ್ಟು ಚೆಂದ ಹತ್ತಿದೆ ಎಂದುಕೊಂಡೆ. ಕನ್ನಡಿಯಲ್ಲಿ ನೋಡಿ ಖುಷಿಪಡುತ್ತಿರಬೇಕು, ಪಡಲಿ ಎಂದು ಸುಮ್ಮನಿದ್ದೆ.

ದೀಪ ಆರಲಿಲ್ಲ. ಜೋಳ ಹಸನಾಯಿತು. ಮೊರ ಒಳಗಿಟ್ಟು ಬಂದೆ. ಆಗಲೂ ಆರಿರಲಿಲ್ಲ. ಬ್ಯಾಟರಿ ಇಳಿಯುತ್ತದಲ್ಲ ಎಂದು ಅನ್ನಿಸಿತು. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಕಾರಿನ ಹಿಂದೆ ನಿಂತು, ಎರಡೂ ದೀಪ ಕಣ್ಣಾರೆ ನೋಡಿ ಕೂಗಿದೆ. "ಅಣ್ಣಾ, ಹತ್ತ್ಯದ. ಸಾಕು, ಕಾಲು ತಗಿ."

ಅವನು ಕಾಲು ತೆಗೆಯಲಿಲ್ಲ.

ಸ್ಟೇರಿಂಗಿನ ಮೇಲೆ ಹಣೆ ಇಟ್ಟಿದ್ದ. ಕೊರಳಿನ ಟೆಸ್ಟ್ ಲ್ಯಾಂಪು ಮೊಣಕಾಲಿಗೆ ತಾಗಿ ನಿಂತಿತ್ತು. ಪಕ್ಕದ ಪಂಕ್ಚರ್ ಅಂಗಡಿಯವನು ಓಡಿ ಬಂದು ಅವನನ್ನು ಹಿಂದಕ್ಕೆ ಒರಗಿಸಿದ. ಕಾಲು ಬ್ರೇಕಿನಿಂದ ಜಾರಿತು. ಆಗ ದೀಪ ಆರಿತು. ಅಲ್ಲಿಯವರೆಗೆ ನನಗೆ ಏನೂ ತಿಳಿದಿರಲಿಲ್ಲ. ದೀಪ ಆರಿದ್ದು ನೋಡಿ ತಿಳಿಯಿತು. ಡಾಕ್ಟರರು ಹೃದಯ ನಿಂತಿದೆ ಎಂದರು. ಬುದ್ಧ ವಿಹಾರದ ಹಿರಿಯರು ಬಂದರು, ವಂದನೆ ಹೇಳಿದರು, ಮಣ್ಣಾಯಿತು. ಆ ಮೂರು ದಿನ ನಾನು ನಡೆದಾಡಿದೆ, ಬಂದವರಿಗೆ ನೀರು ಕೊಟ್ಟೆ, ಮಾತಾಡಿದೆ. ಆದರೆ ಕಣ್ಣ ಮುಂದೆ ಇದ್ದದ್ದು ಆ ಎರಡು ಕೆಂಪು ದೀಪ ಮಾತ್ರ. ಎಷ್ಟು ಹೊತ್ತು ಉರಿದವು? ಜೋಳದ ಬದಲು ಅವನನ್ನು ನೋಡಿದ್ದರೆ? ಈಗಲೂ ಯಾರಾದರೂ ಹಿಂದಿನಿಂದ ಕರೆದರೆ ಬೆಚ್ಚಿ ಬೀಳುತ್ತೇನೆ.

ಒಂದು ತಿಂಗಳ ಮೇಲೆ ಮಾಸ್ತರರೂ ಬಾಯಾರೂ ಔರಾದ ಬಸ್ಸಿನಲ್ಲಿ ಬಂದರು, ಕಾರು ಒಯ್ಯಲು. ಮಾಸ್ತರರ ತಲೆ ಪೂರಾ ಬೆಳ್ಳಗಾಗಿತ್ತು. ಬಾಯಾರು ಕೋಲು ಊರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಕಟ್ಟೆಯ ತನಕ ಬಂದರು. ಕೆಳಗೆ ಕೂರಲು ಅವರಿಗೆ ಆಗುತ್ತಿರಲಿಲ್ಲ. ಕುರ್ಚಿ ಹಾಕಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ನಮ್ಮ ಬಚ್ಚಲದಾಗ ನಿಮ್ಮಣ್ಣ ಒಂದು ಲೈಟ್ ಹಾಕ್ಯಾನವ್ವಾ" ಎಂದರು. "ಕಾರಿನ ಬಾಗಿಲದಾಗ ಇರ್ತದಲ್ಲ, ಅಂಥಾ ಬಟನ್. ಬಾಗಿಲು ತಗದ್ರ ತಾನೇ ಹತ್ತತದ. ಕೋಲು ಹಿಡಕೊಂಡು ಗ್ವಾಡಿ ತಡವೂದು ತಪ್ಪಿತು. ಮಂಚದ ಮಗ್ಗಲಿಗೂ ಒಂದು ಹಾಕ್ಯಾನ. ತಿಂಗಳಿಗೊಮ್ಮೆ ಬಂದು ಬ್ಯಾಟರಿಗಿ ನೀರು ಹಾಕಿ ಹೋಗ್ತಿದ್ದ."

ಸಾಮಾನು ಹುಡುಕಲು ಹೋಗುತ್ತಿದ್ದ ಔರಾದ ಅದು.

"ನಾ ಅವಗ ಮಾರಿ ಕೊಟ್ಟು ಮಾತಾಡಲಿಲ್ಲ" ಎಂದರು ಮಾಸ್ತರರು. ಅವರು ಕನ್ನಡಿಯ ಕಡೆ ನೋಡುತ್ತಿದ್ದರು. "ಅವ ಬಂದ್ರ ನಾ ಎದ್ದು ಹೊರಗ ಹೋಗ್ತಿದ್ದೆ. ಅವತ್ತ ದವಾಖಾನಿದಾಗ ನಾನೇ ಕೇಳಿದ್ದೆ ಅವಗ, ನಿಮ್ಮ ತಂಗಿ ಹಿಂದ ನಿಂತು ನೋಡ್ತಾಳಲ್ಲ, ಆಕಿ ಏನಂದ್ಳು ಅಂತ."

"ಏನಂದನ್ರಿ ಅವ?" ಅಂದೆ.

"ತಂಗಿ ಮನಿಯಾಗ ಇರಲಿಲ್ಲರಿ ಸರ್ ಅಂದ. ಹಿಂದ ಯಾರೂ ಇರಲಿಲ್ಲ, ನಾ ಇಳದು ನೋಡಬೇಕಿತ್ತು, ಆಳಸಿತನ ಮಾಡ್ದೆ ಅಂದ. ಕೈ ಮುಗದು ನಿಂತ. ಅದಕ್ಕೇ ನನಗ ಅಷ್ಟು ಸಿಟ್ಟು ಬಂದಿತ್ತವ್ವಾ."

ಅಂದರೆ ಆ ರಾತ್ರಿಯೇ, ದವಾಖಾನೆಯಲ್ಲಿ ನಿಂತೇ, ಅವನಿಗೆ ಎಲ್ಲ ಗೊತ್ತಿತ್ತು. ನನ್ನ ಬೆನ್ನನ್ನು ಅವನು ಕಾರಿನೊಳಗಿಂದ ನೋಡಿದ್ದ. ನನ್ನ ಸಿಟ್ಟು ಇಳಿದರೆ ಸಾಕೆಂದು, ಇನ್ನೊಮ್ಮೆ ಕೇಳದೆ, ನನ್ನ ಮಾತನ್ನು ನಂಬಿದ್ದ. ಆಮೇಲೆ ನನ್ನನ್ನು ಮನೆಯಲ್ಲೇ ಇಲ್ಲದಂತೆ ಮಾಡಿ, ಊರಿನ ಮಾತನ್ನೆಲ್ಲ ತಾನು ಹೊತ್ತ. ಕನ್ನಡಿಯನ್ನು ಗೋಡೆಗೆ ಕೂರಿಸಿದ್ದು ಗಾಡಿ ನೋಡಲಿಕ್ಕಷ್ಟೇ ಅಲ್ಲ. ಇನ್ನು ಯಾವತ್ತೂ ನಾನು ಉತ್ತರ ಕೊಡುವ ಜಾಗದಲ್ಲಿ ನಿಲ್ಲಬಾರದೆಂದು. ಹನ್ನೊಂದು ವರ್ಷ ಆ ಕನ್ನಡಿಯ ಪಕ್ಕದಲ್ಲೇ ರೊಟ್ಟಿ ಬಡಿದೆ, ಇಷ್ಟು ತಿಳಿಯಲಿಲ್ಲ.

ಮಾಸ್ತರರು ಕಾರಿನಲ್ಲಿ ಕೂತರು. ಹಿಂದಕ್ಕೆ ತಿರುಗಿ ಕನ್ನಡಿಯಲ್ಲಿ ನೋಡಲು ಹೋದರು, ವಯಸ್ಸಾದ ಕತ್ತು ಅಷ್ಟು ತಿರುಗಲಿಲ್ಲ. "ಜರಾ ನೀವೇ ನೋಡಿ ಹೇಳವ್ವಾ" ಎಂದರು.

ನಾನು ಹೋಗಿ ಕಾರಿನ ಹಿಂದೆ ನಿಂತೆ. ಮಗ್ಗುಲಲ್ಲಿ ಬಾಯಾರ ಕುರ್ಚಿ.

"ಪಾರ್ಕಿಂಗ್?"

"ಹತ್ತ್ಯದ್ರಿ."

"ಬಲಕ್ಕ?"

"ಹತ್ತ್ಯದ್ರಿ."

"ಎಡಕ್ಕ?"

"ಹತ್ತ್ಯದ್ರಿ."

"ಬ್ರೇಕ್?"

ಎರಡೂ ದೀಪ ಕೆಂಪಗೆ ಹತ್ತಿದವು. ಬಾಯಾರ ಬಿಳಿಯ ಸೀರೆಯ ನೆರಿಗೆಯ ಮೇಲೆ, ಕೋಲಿನ ಮೇಲೆ ಆ ಬೆಳಕು ಬಿತ್ತು. ಮಾಸ್ತರರು ಬ್ರೇಕ್ ಒತ್ತಿಕೊಂಡೇ, "ಹತ್ತ್ಯದ ಏನವ್ವಾ?" ಎಂದು ಮತ್ತೆ ಕೇಳಿದರು.

"ಇವತ್ತ ಹತ್ತ್ಯದ್ರಿ ಸರ್" ಅಂದೆ. "ಅವತ್ತ ಹತ್ತಿರಲಿಲ್ಲ. ಅವತ್ತ ನಾ ಮನಿಯಾಗೇ ಇದ್ದೆ. ಇಲ್ಲೇ, ಈ ಕಟ್ಟಿ ಮ್ಯಾಲೇ ಕುಂತಿದ್ದೆ. ಅಣ್ಣ ಕೇಳ್ದ, ಇದೇ ಹಿಂಗೇ ಕೇಳ್ದ. ನಾ ಅವನ ಮ್ಯಾಲ ಸಿಟ್ಟು ಮಾಡ್ಕೊಂಡು ತಿರುಗಿ ನೋಡಲಾರದೇ ಹತ್ತ್ಯದ ಅಂದೆ. ಅವ ಆಳಸಿತನ ಮಾಡಿಲ್ಲರಿ. ಅವ ಕೇಳ್ದ, ನಾ ಸುಳ್ಳು ಹೇಳ್ದೆ."

ಬ್ರೇಕಿನ ಮೇಲಿನ ಕಾಲು ಹಾಗೇ ಇತ್ತು. ನಾನು ಬಾಯಾರ ಮುಂದೆ ನೆಲಕ್ಕೆ ಕೂತು, ಅವರ ಎರಡೂ ಪಾದ ಹಿಡಿದುಕೊಂಡೆ. ಕನ್ನಡಿಯಲ್ಲಿ ಆ ಕೆಂಪು ಇನ್ನೂ ಉರಿಯುತ್ತಿತ್ತು. ಅದರ ಕಡೆ ನೋಡಿಕೊಂಡೇ ಹೇಳಿದೆ.

"ನನ್ನಿಂದ ತಪ್ಪಾಗ್ಯದ್ರಿ ಬಾಯಾರ. ನನ್ನಿಂದ ತಪ್ಪಾಗ್ಯದ ಅಣ್ಣಾ."